ಅನಸೂಯಮ್ಮ ಕೇಳದ ಎರಡು ಭಾಷೆಗಳು

ಕೆಜಿಎಫ್‌ನ ಊರಿಗಾಂನಲ್ಲಿ ಅನಸೂಯಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಜನ ಯಾವ ಅನಸೂಯಮ್ಮ ಎಂದು ತಿರುಗಿ ಕೇಳುತ್ತಾರೆ. ‘ಐದು ಭಾಷೆ ಟೀಚರ್’ ಎಂದರೆ ಸಾಕು, ಬಾಗಿಲವರೆಗೂ ಕರೆತಂದು ಬಿಡುತ್ತಾರೆ. ಆ ಹೆಸರೇನೂ ಆಕೆಗೆ ಪುಕ್ಕಟೆ ಬಂದದ್ದಲ್ಲ. ನಲವತ್ತು ವರ್ಷದ ಹಿಂದೆ, ಗಂಡನಿಗೆ ಇಲ್ಲಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಹಾವೇರಿ ಕಡೆಯಿಂದ ಬಂದಾಗ ಆಕೆಗೆ ಇದ್ದದ್ದು ಕನ್ನಡ ಒಂದೇ. ಬೇತಮಂಗಲದ ನೀರು ಬೀದಿ ನಲ್ಲಿಗೆ ಮೂರು ದಿನಕ್ಕೊಮ್ಮೆ ಬರುತ್ತಿದ್ದ ಕಾಲ. ಸಾಲಿನಲ್ಲಿ ಮುಂದೆ ನಿಂತವಳು ತಮಿಳಿನವಳು, ಹಿಂದೆ ನಿಂತವಳು ತೆಲುಗಿನವಳು, ಮಧ್ಯೆ ನುಗ್ಗಿದವಳಿಗೆ ಎರಡೂ ಭಾಷೆಯಲ್ಲಿ ಮಂಗಳಾರತಿ. ಪಕ್ಕದ ಮನೆಯ ಅಮ್ಮಾಜಮ್ಮ ಇವಳ ಮಾತು ತಪ್ಪಿದಾಗಲೆಲ್ಲ ಬಿದ್ದು ಬಿದ್ದು ನಕ್ಕು, ಆಮೇಲೆ ತಿದ್ದುತ್ತಿದ್ದಳು. ಎರಡು ವರ್ಷದೊಳಗೆ ತಮಿಳು ತೆಲುಗು ಎರಡೂ ನೀರಿನ ಕೊಡದ ಜೊತೆಯಲ್ಲೇ ಮನೆ ಸೇರಿದವು. ಹಿಂದಿ, ಇಂಗ್ಲಿಷುಗಳು ಶಾಲೆಯಲ್ಲಿ ಪಾಠ ಹೇಳುತ್ತ ಹೇಳುತ್ತ ಗಟ್ಟಿಯಾದವು.

ಇಷ್ಟಾದ ಮೇಲೆ ಆಕೆಗೆ ಒಂದು ನಂಬಿಕೆ ಬೇರು ಬಿಟ್ಟಿತು: ಭಾಷೆ ಎನ್ನುವುದು ದೊಡ್ಡ ವಿಷಯವೇ ಅಲ್ಲ, ಆ ಜನರ ಮಧ್ಯೆ ಇದ್ದರೆ ತಾನಾಗಿ ಬರುತ್ತದೆ. ಕೆಜಿಎಫ್‌ನಲ್ಲಿ ಇದ್ದು ಹೀಗೆ ನಂಬದೆ ಇರುವುದೂ ಕಷ್ಟವೇ. ಇಲ್ಲಿ ತರಕಾರಿಯವನು ಬೆಲೆ ಹೇಳುವುದು ಒಂದು ಭಾಷೆಯಲ್ಲಿ, ಇಳಿಸುವುದು ಇನ್ನೊಂದರಲ್ಲಿ.

ಕ್ಯಾಸಂಬಳ್ಳಿಯ ಕೆಂಪಣ್ಣ ಆಕೆಗೆ ಹಾಲು ಹಾಕುವವನು. ನಾಲ್ಕು ಹಸು, ಒಂದಿಷ್ಟು ರಾಗಿ ಹೊಲ, ಒಬ್ಬಳೇ ಮಗಳು ಧನುಶ್ರೀ. ಹುಡುಗಿ ಹೈಸ್ಕೂಲಿನಲ್ಲಿ ಅನಸೂಯಮ್ಮನ ಶಿಷ್ಯೆಯೇ. ಓದಿನಲ್ಲಿ ಚುರುಕು, ಮಾತಿನಲ್ಲಿ ಬಹಳ ಸಂಕೋಚ. ಪಾಠದಲ್ಲಿ ಸಂದೇಹ ಬಂದರೆ ಎದ್ದು ಕೇಳದೆ ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. ಅವಳು ಡಾಕ್ಟರಾಗಬೇಕು ಎಂದು ಹೊರಟಳು. ಇಲ್ಲಿ ಸೀಟು ಸಿಗಲಿಲ್ಲ. ಬಂಗಾರಪೇಟೆಯಲ್ಲಿ ಹೊರದೇಶದ ಕಾಲೇಜುಗಳಿಗೆ ಮಕ್ಕಳನ್ನು ಸೇರಿಸಿಕೊಡುವ ಚಿರಂಜೀವಿ ಎಂಬಾತ ಎರಡು ಬಣ್ಣದ ಕಾಗದ ಕೊಟ್ಟು ಕಳಿಸಿದ, ಒಂದು ಫಿಲಿಪ್ಪೀನ್ಸಿನದು, ಇನ್ನೊಂದು ಆರ್ಮೇನಿಯಾದ್ದು. ಓದೂ ಒಂದೇ, ವರ್ಷವೂ ಹೆಚ್ಚು ಕಡಿಮೆ ಅಷ್ಟೇ, ಖರ್ಚೂ ಅಷ್ಟೇ. ಇದು ಮೂರು ವರ್ಷದ ಹಿಂದಿನ ಮಾತು.

ಕೆಂಪಣ್ಣ ಆ ಎರಡು ಕಾಗದ ಹಿಡಿದು ಹಾಲಿನ ಕ್ಯಾನಿನ ಸಮೇತ ಅನಸೂಯಮ್ಮನ ಜಗುಲಿಯ ಮೇಲೆ ಕೂತ. ಪಾಠ ಇಂಗ್ಲಿಷಿನಲ್ಲಿಯೇ ಇರುತ್ತದಂತೆ, ಆದರೆ ಆಸ್ಪತ್ರೆಯಲ್ಲಿ ರೋಗಿಗಳ ಹತ್ತಿರ ಅವರ ಮಾತಿನಲ್ಲೇ ಮಾತಾಡಬೇಕಂತೆ. ಒಂದು ಕಡೆ ಟ್ಯಾಗಲಾಗ್, ಇನ್ನೊಂದು ಕಡೆ ಆರ್ಮೇನಿಯನ್. ಅವನಿಗೆ ಬೇಕಾಗಿದ್ದದ್ದು ಒಂದೇ ಉತ್ತರ.

“ನಮ್ ಉಡ್ಗಿ ಮೊದ್ಲೇ ಬಾಯಿ ಬಿಡಾಕಿಲ್ಲ. ಯಾವ್ ಮಾತು ಇವ್ಳಿಗೆ ಬೇಗ ಬತ್ತದೆ, ನೀವು ಏಳಿ ಟೀಚರಮ್ಮ. ನೀವೆಂಗಂದ್ರೆ ಅಂಗೆ.”

ಗೊತ್ತಿಲ್ಲ ಎನ್ನುವುದು ಮೂರೇ ಮೂರು ಅಕ್ಷರ. ಅನಸೂಯಮ್ಮ ಆ ದಿನದವರೆಗೆ ಟ್ಯಾಗಲಾಗ್ ಎಂಬ ಹೆಸರನ್ನೇ ಕೇಳಿರಲಿಲ್ಲ, ಆರ್ಮೇನಿಯಾ ಭೂಪಟದ ಯಾವ ಮೂಲೆಯಲ್ಲಿದೆ ಎಂದೂ ಖಚಿತವಿರಲಿಲ್ಲ. ಆದರೆ ಐದು ಭಾಷೆ ಟೀಚರ್ ಬಾಯಲ್ಲಿ ಆ ಮೂರಕ್ಷರ ಬರಬೇಕಲ್ಲ! ನಾಳೆ ಬನ್ನಿ, ಬರೆದುಕೊಡುತ್ತೇನೆ ಎಂದಳು.

ಆ ಮಧ್ಯಾಹ್ನ ಊಟವಾದ ಮೇಲೆ ಫೋನು ಹಿಡಿದು ಕೂತಳು. ಅರ್ಧ ಗಂಟೆ, ಬಹಳವೆಂದರೆ ಮುಕ್ಕಾಲು ಗಂಟೆ. ಒಂದು ಹಾಳೆಯ ಮಧ್ಯೆ ಸ್ಕೇಲಿಟ್ಟು ಗೆರೆ ಎಳೆದು ಎರಡು ಭಾಗ ಮಾಡಿದಳು. ಟ್ಯಾಗಲಾಗಿನಲ್ಲಿ ಕ್ರಿಯಾಪದ ವಾಕ್ಯದ ಮೊದಲಿಗೇ ಬರುತ್ತದೆ, ಪದದ ಹಿಂದೆ ಮುಂದೆ ಮಾತ್ರವಲ್ಲ, ಹೊಟ್ಟೆಯೊಳಗೂ ಅಕ್ಷರ ತೂರಿಸುತ್ತಾರೆ, ಲಿಪಿ ಇಂಗ್ಲಿಷಿನದೇ. ಆರ್ಮೇನಿಯನ್ನಿಗೆ ಸಾವಿರದ ಆರುನೂರು ವರ್ಷದ ಸ್ವಂತ ಲಿಪಿ. ನಮ್ಮಂತೆಯೇ ಪದದ ಕೊನೆಗೆ ವಿಭಕ್ತಿ, ಅದೂ ಏಳು. ಎರಡರಲ್ಲೂ ಅವನು, ಅವಳು ಎಂಬ ಭೇದವಿಲ್ಲ, ಇಬ್ಬರಿಗೂ ಒಂದೇ ಪದ. ಬರೆಯುತ್ತ ಬರೆಯುತ್ತ ಆಕೆಗೆ ಖುಷಿಯೇ ಆಯಿತು. ನಿವೃತ್ತಿಯಾದ ಮೇಲೆ ಯಾರೂ ಆಕೆಯನ್ನು ಇಂಥ ದೊಡ್ಡ ಪ್ರಶ್ನೆ ಕೇಳಿರಲಿಲ್ಲ. ಕೊನೆಗೆ ಕೆಂಪು ಶಾಯಿಯಲ್ಲಿ ‘ಆರ್ಮೇನಿಯನ್ ಉತ್ತಮ’ ಎಂದು ತೀರ್ಪು ಬರೆದು ಕೆಳಗೆ ಸಹಿಯನ್ನೂ ಹಾಕಿದಳು. ಎರಡು ಭಾಷೆಗಳಲ್ಲಿ ಯಾವುದರ ಒಂದು ವಾಕ್ಯವೂ ಆಕೆಯ ಕಿವಿಗೆ ಬಿದ್ದಿರಲಿಲ್ಲ. ಒಂದು ಗುಂಡಿ ಒತ್ತಿದ್ದರೆ ಫೋನೇ ಕೇಳಿಸುತ್ತಿತ್ತು, ಅದೂ ಹೊಳೆಯಲಿಲ್ಲ.

ಮಾರನೆಯ ದಿನ ಕೆಂಪಣ್ಣ ಹಾಳೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಅವನು, ಅವಳು ಭೇದವಿಲ್ಲ ಎಂಬುದನ್ನು ಕೇಳಿ, ಹೆಣ್ಣುಮಕ್ಕಳಿಗೆ ಒಳ್ಳೆಯ ದೇಶವೇ ಇರಬೇಕು ಎಂದ. ಹೋಗುವ ಮುಂಚೆ, ಟೀಚರಮ್ಮ ಆ ಭಾಷೆಯನ್ನು ಕೇಳಿದ್ದೀರಾ, ಕಿವಿಗೆ ಹೇಗಿರುತ್ತದೆ ಎಂದು ಸುಮ್ಮನೆ ವಿಚಾರಿಸಿದ.

“ಕೇಳದೆ ಏನು,” ಅಂದಳು ಅನಸೂಯಮ್ಮ. “ನಮ್ಮ ಮಾತಿನ ಹಂಗೇ ಇರ್ತದೆ. ಆರು ತಿಂಗಳಲ್ಲಿ ನೀರು ಕುಡಿದ ಹಾಗೆ ಬರುತ್ತೆ.”

ಒಬ್ಬರೂ ಬಲವಂತ ಮಾಡಿರಲಿಲ್ಲ. ಹಾಗಿದ್ದೂ ಆ ಸುಳ್ಳು ಆಕೆಯ ಬಾಯಿಂದ ಅಷ್ಟು ಸಲೀಸಾಗಿ ಬಂತು. ಕೆಂಪಣ್ಣ ಹಾಳೆಗೆ ಲ್ಯಾಮಿನೇಷನ್ ಮಾಡಿಸಿ ದೇವರ ಪಟದ ಪಕ್ಕಕ್ಕೆ ನೇತುಹಾಕಿದ. ಧನುಶ್ರೀ ಆರ್ಮೇನಿಯಾಕ್ಕೆ ಹೋದಳು. ಚಿರಂಜೀವಿ ಆ ಹಾಳೆಯ ಫೋಟೋ ಹೊಡೆದುಕೊಂಡು ಕೇಳಿದವರಿಗೆಲ್ಲ ತೋರಿಸಿದ, ಟೀಚರ್ ಹೆಸರು ಬಂಗಾರಪೇಟೆಯವರೆಗೂ ಹಬ್ಬಿತು.

ಈ ಬೇಸಿಗೆ ರಜೆಗೆ ಹುಡುಗಿ ಮನೆಗೆ ಬಂದಿದ್ದಳು. ಒಂದು ಬೆಳಿಗ್ಗೆ ಅಪ್ಪನ ಬದಲು ತಾನೇ ಹಾಲು ತಂದಳು. ಹಾಲು ಅಳೆದು ಹಾಕಿದ ಮೇಲೂ ಹೋಗದೆ ಬಾಗಿಲ ಕಂಬಿ ಹಿಡಿದು ನಿಂತಳು. ಅನಸೂಯಮ್ಮ ಕಾಫಿ ಕೊಟ್ಟು, ಎಲ್ಲಿ, ಆ ಭಾಷೆಯಲ್ಲಿ ಎರಡು ಮಾತಾಡು ನೋಡೋಣ ಎಂದು ಉತ್ಸಾಹದಿಂದ ಕೇಳಿದಳು. ಹುಡುಗಿ ಅಳಲಿಕ್ಕೆ ಶುರು ಮಾಡಿದಳು.

ಆಮೇಲೆ ಬಿಟ್ಟು ಬಿಟ್ಟು ಹೇಳಿದಳು. ಮೊದಲೆರಡು ವರ್ಷ ತೊಂದರೆಯಾಗಲಿಲ್ಲ. ಪಾಠ ಇಂಗ್ಲಿಷು, ಹಾಸ್ಟೆಲಿನಲ್ಲಿ ಎಲ್ಲರೂ ನಮ್ಮ ಕಡೆಯವರೇ. ಕೋಣೆಯಲ್ಲಿ ಇಬ್ಬರು ಕೇರಳದವರು, ಹೀಗಾಗಿ ಅವಳಿಗೆ ಮಲಯಾಳ ಚೆನ್ನಾಗಿ ಬಂತು. ಆರ್ಮೇನಿಯಾಕ್ಕೆ ಹೋಗಿ ಕಲಿತದ್ದು ಮಲಯಾಳ! ಊರಿನವರ ಜೊತೆ ನೀರಿಗೆ ನಿಲ್ಲುವ ಸಾಲು ಅಲ್ಲಿರಲಿಲ್ಲ, ಅಮ್ಮಾಜಮ್ಮನಂಥವಳೂ ಇರಲಿಲ್ಲ. ಭಾಷೆಯ ತರಗತಿಯಲ್ಲಿ ಪುಸ್ತಕದ ವಾಕ್ಯ ಓದಿಸುತ್ತಿದ್ದರು, ಬೀದಿಯ ಮಾತು ಬೇರೆಯೇ ಇತ್ತು. ಮೂರನೆಯ ವರ್ಷ ವಾರ್ಡಿಗೆ ಕಳಿಸಿದರು. ಒಬ್ಬ ಅಜ್ಜಿ ಇವಳ ಕೈ ಹಿಡಿದು, ಹೊಟ್ಟೆ ಮುಟ್ಟಿ ತೋರಿಸಿ, ಕಾಲು ಗಂಟೆ ಏನೇನೋ ಹೇಳಿಕೊಂಡಳಂತೆ. ಆ ಮುಖ ನೋಡಿದರೆ ಅರ್ಥವಾಗಲಿಲ್ಲ ಎನ್ನಲು ಮನಸ್ಸು ಬರಲಿಲ್ಲವಂತೆ.

“ಅರ್ಥ ಆದೋಳ ಥರ ತಲೆ ಆಡಿಸ್ಬಿಟ್ಟೆ ಟೀಚರ್. ಆಯಮ್ಮನಿಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ. ಆಮೇಲೆ ಪ್ರೊಫೆಸರ್ ಬಂದು ಏನು ಹೇಳಿದ್ಲು ಅಂತ ಕೇಳಿದ್ರು. ನಾನು ಸುಮ್ನೆ ನಿಂತಿದ್ದೆ. ಆಯಮ್ಮ ನನ್ನ ಮುಖಾನೇ ನೋಡ್ತಿದ್ರು.”

ರೋಗಿಗಳ ಹತ್ತಿರ ಮಾತಾಡಿ ತೋರಿಸುವ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಅಪ್ಪನಿಗೆ ಇನ್ನೂ ಹೇಳಿರಲಿಲ್ಲ. ಪಿಯುಸಿಯಲ್ಲಿ ಜೊತೆಗಿದ್ದ ಕಲ್ಪನ ಫಿಲಿಪ್ಪೀನ್ಸಿಗೆ ಹೋಗಿದ್ದಳು. ಅಲ್ಲೂ ಕಷ್ಟವಿದೆಯಂತೆ, ಆದರೆ ಲಿಪಿ ಗೊತ್ತಿರುವುದರಿಂದ ಮೊದಲ ದಿನವೇ ಅಂಗಡಿ ಬೋರ್ಡು ಓದಿದಳಂತೆ, ತಡವರಿಸಿದರೆ ರೋಗಿಗಳೂ ಅರ್ಧ ಇಂಗ್ಲಿಷಿಗೆ ತಿರುಗುತ್ತಾರಂತೆ, ನರ್ಸುಗಳು ಮಾತು ಕಲಿಸುತ್ತಾರಂತೆ. ಇದನ್ನು ಹುಡುಗಿ ಆಕ್ಷೇಪಣೆಯಾಗಿ ಹೇಳಲೇ ಇಲ್ಲ. ಅವಳು ಕೇಳಿದ್ದು ಇಷ್ಟೇ: ಟೀಚರ್ ಬಂದು ಅಪ್ಪನಿಗೆ ಒಂದು ಮಾತು ಹೇಳಬೇಕು, ಭಾಷೆ ನಿಜವಾಗಿಯೂ ಕಷ್ಟ, ಹುಡುಗಿಯ ತಪ್ಪಲ್ಲ ಅಂತ. ಹೇಳಿದರೆ ಒಂದು ವರ್ಷ ನಿಂತು ಬರೀ ಭಾಷೆ ಕಲಿತು ಮುಂದುವರಿಯಬಹುದು. ಹೇಳದಿದ್ದರೆ ಅಪ್ಪ ಸೋಮಾರಿತನ ಎಂದುಕೊಂಡು ಓದನ್ನೇ ಬಿಡಿಸುತ್ತಾನೆ.

ಅನಸೂಯಮ್ಮನಿಗೆ ಕೂತಲ್ಲೇ ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಅನ್ನಿಸಿದ್ದು ನಿಜ, ಆದರೆ ಬಾಯಲ್ಲಿ ಬಂದದ್ದೇ ಬೇರೆ. ನೋಡೋಣ, ಹೇಳೋಣ, ನೀನೂ ಸ್ವಲ್ಪ ಮನಸ್ಸಿಟ್ಟು ಕಲಿಯಬೇಕಿತ್ತು ಮಗು ಎಂದು ಉಪದೇಶ ಮಾಡಿ ಕಳಿಸಿದಳು. ಹುಡುಗಿ ಕ್ಯಾನು ಎತ್ತಿಕೊಂಡು ತಲೆ ತಗ್ಗಿಸಿ ಹೋದಳು.

ಎರಡು ದಿನದ ಮೇಲೆ ಕೆಂಪಣ್ಣನೇ ಬಂದು, ಮಗಳು ಯಾಕೋ ಮಂಕಾಗಿದ್ದಾಳೆ, ಆ ಭಾಷೆ ಬರುವುದಿಲ್ಲವೇನೋ ಎಂದು ಅನುಮಾನ, ಟೀಚರಮ್ಮನಿಗೆ ಏನಾದರೂ ಹೇಳಿದಳಾ ಎಂದು ಕೇಳಿದ. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಬೇಕಿತ್ತೇ? ಅನಸೂಯಮ್ಮ ಪಾತ್ರೆ ಒಡ್ಡಿ ಹಾಲು ಹಾಕಿಸಿಕೊಳ್ಳುತ್ತ, ಅವನ ಮುಖ ನೋಡದೆ, ಭಾಷೆಯಲ್ಲಿ ಏನೂ ಇಲ್ಲ ಕೆಂಪಣ್ಣ, ಹುಡುಗಿಗೆ ಶ್ರದ್ಧೆ ಸ್ವಲ್ಪ ಕಡಿಮೆ ಎಂದುಬಿಟ್ಟಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ನೆಲದ ಮೇಲೆ ಹಾಕುವುದನ್ನೂ ಬಿಟ್ಟು, ಬಾಯಿಲ್ಲದ ಒಂದು ಹುಡುಗಿಯ ಮೇಲೆ ಹಾಕಿದಳು. ಆ ದಿನ ಹಾಲು ಕಾಯಿಸಲೂ ಆಕೆಗೆ ಮನಸ್ಸಾಗಲಿಲ್ಲ. ಆ ಮನೆಯಲ್ಲಿ ಈಗ ಏನು ನಡೆಯುತ್ತಿರಬಹುದು ಎಂದು ನೆನೆಸಿಕೊಂಡಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು. ಆದರೂ ಫೋನು ಮಾಡಲಿಲ್ಲ.

ಅದರ ಮೇಲೆ ಚಿರಂಜೀವಿಯ ಕರೆ. ಬಂಗಾರಪೇಟೆಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಕಲ್ಯಾಣ ಮಂಟಪದಲ್ಲಿ ಭಾನುವಾರ ಬೆಳಿಗ್ಗೆ ತಂದೆತಾಯಿಗಳ ಸಭೆ, ಟ್ಯಾಗಲಾಗ್ ಮತ್ತು ಆರ್ಮೇನಿಯನ್ ಭಾಷೆಗಳ ಹೋಲಿಕೆಯ ಬಗ್ಗೆ ಮೇಡಮ್ ಮಾತಾಡಬೇಕು, ಆಮೇಲೆ ಸನ್ಮಾನ. ಮೈ ಸರಿಯಿಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಹೋಗದಿದ್ದರೆ ಜನ ಏನಾದರೂ ಅಂದುಕೊಂಡಾರು ಎಂದು ಹೋದಳು. ಮಾನ ಹೋಗುತ್ತದೆ ಎಂಬ ಹೆದರಿಕೆ ಆಕೆಯನ್ನು ಇನ್ನಷ್ಟು ಮಾನ ಕಳೆಯುವ ಜಾಗಕ್ಕೇ ಕರೆದೊಯ್ದಿತು.

ನೂರು ಕುರ್ಚಿ ಹಾಕಿದ್ದರು, ಮುಕ್ಕಾಲು ಪಾಲು ತುಂಬಿತ್ತು. ಉಪ್ಪಿಟ್ಟಿನ ತಟ್ಟೆಯ ಜೊತೆಗೆ ಎಲ್ಲರ ಕೈಯಲ್ಲೂ ಒಂದೊಂದು ಜೆರಾಕ್ಸ್ ಹಾಳೆ. ಮಧ್ಯೆ ಗೆರೆ, ಎರಡು ಭಾಗ, ಕೆಳಗೆ ತನ್ನದೇ ಸಹಿ. ಮೊದಲ ಸಾಲಿನಲ್ಲಿ ಕೆಂಪಣ್ಣ, ಅವನ ಹೆಂಡತಿ ವೆಂಕಟಮ್ಮ, ನಡುವೆ ಧನುಶ್ರೀ. ಹುಡುಗಿಯ ಕಣ್ಣು ಊದಿಕೊಂಡಿತ್ತು. ಅನಸೂಯಮ್ಮ ಕಂಡೂ ಕಾಣದವಳಂತೆ ವೇದಿಕೆ ಹತ್ತಿದಳು.

ಚಿರಂಜೀವಿ ಮೊದಲು ಹುಡುಗಿಯನ್ನೇ ಮೇಲೆ ಕರೆದ. ನಮ್ಮ ಕ್ಯಾಸಂಬಳ್ಳಿಯ ಮಗಳು, ಟೀಚರ್ ಮಾತಿನಂತೆ ಹೋದವಳು, ಈಗ ಆರ್ಮೇನಿಯನ್ನಿನಲ್ಲಿ ನಾಲ್ಕು ಮಾತಾಡುತ್ತಾಳೆ ಎಂದು ಮೈಕು ಕೊಟ್ಟ. ಹುಡುಗಿ ಮೈಕು ಬಾಯಿಯ ಹತ್ತಿರ ಹಿಡಿದಳು. ಎಲ್ಲೂ ತಡವರಿಸದೆ, ಬಾಯಿಪಾಠದಷ್ಟು ಸ್ಪಷ್ಟವಾಗಿ ಹೇಳಿದಳು.

“ಚೆಮ್ ಹಸ್ಕಾನುಮ್. ದಾಂದಾಗ್ ಖೋಸೆಕ್. ನೆರೆತ್ಸೆಕ್.”

ಚಪ್ಪಾಳೆ ಬಿತ್ತು. ವೆಂಕಟಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅನಸೂಯಮ್ಮ ಆ ಭಾಷೆಯನ್ನು ಕೇಳಿದ್ದು ಅದೇ ಮೊದಲು. ನಮ್ಮ ಮಾತಿನ ಹಾಗೆ ಏನೇನೂ ಇರಲಿಲ್ಲ. ಕೆಳಗಿಳಿಯಲು ಪಕ್ಕದಲ್ಲೇ ಹಾದುಹೋಗುತ್ತಿದ್ದ ಹುಡುಗಿಯನ್ನು ತಡೆದು, ಹಾಗೆಂದರೆ ಏನಮ್ಮಾ ಎಂದು ಮೆಲ್ಲಗೆ ಕೇಳಿದಳು.

“ಅರ್ಥ ಆಗ್ಲಿಲ್ಲ, ನಿಧಾನಕ್ಕೆ ಹೇಳಿ, ಕ್ಷಮಿಸಿ ಅಂತ. ದಿನಾ ಹೇಳಿ ಹೇಳಿ ಅಷ್ಟು ಚೆನ್ನಾಗಿ ಬರುತ್ತೆ ಟೀಚರ್.”

ಮೈಕು ಅನಸೂಯಮ್ಮನ ಮುಂದೆ ಬಂತು. ಬರೆದುಕೊಂಡು ಬಂದಿದ್ದ ಭಾಷಣ ಕೈಚೀಲದಲ್ಲೇ ಇತ್ತು, ತೆಗೆಯಲಿಲ್ಲ. ನನಗೆ ಈ ಎರಡು ಭಾಷೆಯಲ್ಲಿ ಒಂದೂ ಗೊತ್ತಿಲ್ಲ ಎಂದಳು. ಈ ಹಾಳೆಯಲ್ಲಿ ಇರುವುದು ಮುಕ್ಕಾಲು ಗಂಟೆ ಫೋನು ನೋಡಿ ಬರೆದದ್ದು, ಇದನ್ನು ನಂಬಿ ಮಕ್ಕಳನ್ನು ಎಲ್ಲಿಗೂ ಕಳಿಸಬೇಡಿ, ಭಾಷೆಯ ವ್ಯಾಕರಣ ಹೋಲಿಸಬಹುದು, ಅಲ್ಲಿ ಮಕ್ಕಳ ಜೊತೆ ಯಾರು ಮಾತಾಡುತ್ತಾರೆ ಎಂಬುದನ್ನು ಅದರಿಂದ ತಿಳಿಯಲಾಗುವುದಿಲ್ಲ ಎಂದಳು.

ಚಿರಂಜೀವಿ ಮೈಕಿಗೆ ಬಾಯಿ ಹಾಕಿ, ನೋಡಿದಿರಾ, ವಿದ್ವತ್ತು ಎಂದರೆ ಇದು, ಐದು ಭಾಷೆ ಬಲ್ಲವರು ಏನೂ ಗೊತ್ತಿಲ್ಲ ಎನ್ನುತ್ತಾರೆ, ತುಂಬಿದ ಕೊಡ ತುಳುಕುವುದಿಲ್ಲ ಎಂದ. ಹುಡುಗಿಗೆ ಬಿದ್ದದ್ದಕ್ಕಿಂತ ಎರಡು ಪಟ್ಟು ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಮುದುಕ ಎದ್ದು ನಿಂತು ಕೈಮುಗಿದ.

ಅನಸೂಯಮ್ಮ ಕುರ್ಚಿಯಲ್ಲಿ ಕೂತಳು. ನಿಜ ಹೇಳಬೇಕೆಂದರೆ ಆಕೆಗೆ ಒಳಗೊಳಗೇ ಹಗುರವಾಯಿತು. ಹೇಳಿದ ಹಾಗೂ ಆಯಿತು, ಹೆಸರು ಉಳಿದ ಹಾಗೂ ಆಯಿತು. ಇನ್ನೇನು ಮಾಡಲಿಕ್ಕಾಗುತ್ತದೆ, ಜನ ನಂಬದಿದ್ದರೆ ತನ್ನ ತಪ್ಪೇ? ಹೀಗೆ ಯೋಚಿಸುತ್ತಿರುವಾಗಲೇ ಮೊದಲ ಸಾಲಿನ ಕಡೆ ಕಣ್ಣು ಹೋಯಿತು. ಕೆಂಪಣ್ಣ ಮಗಳ ಕಡೆ ಬಾಗಿ, ಬೆರಳು ಮಾಡಿ ವೇದಿಕೆ ತೋರಿಸುತ್ತ ಏನೋ ಗದರಿಸುತ್ತಿದ್ದ. ಚಪ್ಪಾಳೆ ತಗ್ಗಿದಾಗ ಅವನ ಮಾತು ಕೇಳಿಸಿತು.

“ನೋಡು ಆಯಮ್ಮನ್ನ. ಎಷ್ಟು ತಿಳ್ಕೊಂಡ್ರೂ ಎಂಗವ್ರೆ. ನೀನು ಅವ್ರು ಏಳಿದ್ದ ಒಂದು ಭಾಷೆ ಕಲೀನಿಲ್ಲ.”

ಅನಸೂಯಮ್ಮ ಹೇಳಿದ ಸತ್ಯವೂ ತಿರುಗಿ ಹುಡುಗಿಯ ತಲೆಗೇ ಬಡಿದಿತ್ತು. ಆ ಹಗುರವೆಲ್ಲ ಎಲ್ಲಿ ಹೋಯಿತೋ, ಅನಸೂಯಮ್ಮನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹಣ್ಣಿನ ಬುಟ್ಟಿ ಕುರ್ಚಿಯ ಮೇಲಿಟ್ಟು ಎದ್ದಳು. ಯಾರೋ ಮಾತಾಡುತ್ತಿರುವಾಗಲೇ ವೇದಿಕೆಯ ಮೆಟ್ಟಿಲಿಳಿದು ಆ ಮೂವರ ಮುಂದೆ ಬಂದು ನಿಂತಳು. ಕೆಂಪಣ್ಣ ಗಾಬರಿಯಿಂದ ಎದ್ದು ತನ್ನ ಕುರ್ಚಿ ಬಿಟ್ಟುಕೊಡಲು ಹೋದ.

“ಕೂತ್ಕೊಳ್ಳಿ ಕೆಂಪಣ್ಣ. ನಾನು ಅಲ್ಲಿ ಹೇಳಿದ್ದು ವಿನಯ ಅಲ್ಲ, ನಿಜ. ಆ ಭಾಷೆ ಕೇಳಿದೀನಿ ಅಂತ ನಿಮಗೆ ಸುಳ್ಳು ಹೇಳಿದ್ದೆ. ಮೊದಲನೇ ಸಲ ಕೇಳಿದ್ದು ಈಗ, ಇವಳ ಬಾಯಲ್ಲಿ. ಇವಳಿಗೆ ಶ್ರದ್ಧೆ ಕಡಿಮೆ ಅಂದೆನಲ್ಲ, ಅದು ಅದಕ್ಕಿಂತ ದೊಡ್ಡ ಸುಳ್ಳು. ಅಷ್ಟು ಹೊತ್ತಿಗೆ ಇವಳು ನನ್ನ ಹತ್ತಿರ ಬಂದು ಅತ್ತು ಎಲ್ಲಾ ಹೇಳಿದ್ದಳು. ನನ್ನ ಮಾನ ಉಳಿಸ್ಕೊಳ್ಳೋಕೆ ನಿಮ್ಮ ಮಗಳ ಮೇಲೆ ಹಾಕಿದೆ.”

ಇದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕಪಕ್ಕದವರು ಕೇಳಿಸಿಕೊಂಡರು, ಹಿಂದಿನ ಸಾಲಿಗೆ ಪಿಸುಮಾತು ಹೋಯಿತು. ವೆಂಕಟಮ್ಮ ಮಗಳ ಕೈ ಹಿಡಿದುಕೊಂಡಳು. ಕೆಂಪಣ್ಣ ಬಹಳ ಹೊತ್ತು ತನ್ನ ಕೈಯಲ್ಲಿದ್ದ ಹಾಳೆಯನ್ನೇ ನೋಡುತ್ತಿದ್ದ. ಅವನು ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ಜನರ ಮುಂದೆ ಬಾಯಿಗೆ ಬಂದಂತೆ ಬೈಯಲಿ ಎಂದೇ ಅನಸೂಯಮ್ಮ ಕಾದಳು. ಅವನು ಬೈಯಲಿಲ್ಲ.

“ಗೊತ್ತಿಲ್ಲ ಅಂತ ನಾನು ದಿನಕ್ಕೆ ನೂರು ಸಲ ಅಂತೀನಿ ಟೀಚರಮ್ಮ. ಅದ್ರಾಗೇನೈತೆ. ನೀವೂ ಒಂದ್ಸಲ ಅಂದಿದ್ರೆ ನಾನು ಇನ್ಯಾರನ್ನಾನ ಕೇಳ್ತಿದ್ದೆ.”

ಇಷ್ಟೇ. ಇದರಲ್ಲಿ ಸಿಟ್ಟೂ ಇರಲಿಲ್ಲ, ಅದೇ ಆಕೆಯನ್ನು ಹೆಚ್ಚು ಸುಟ್ಟಿತು. ಮೂರು ವರ್ಷ ಆಕೆ ಕಾಪಾಡಿಕೊಂಡು ಬಂದ ದೊಡ್ಡತನ ಇದ್ದದ್ದು ಆಕೆಯ ತಲೆಯೊಳಗೆ ಮಾತ್ರ. ಅವನಿಗೆ ಬೇಕಾಗಿದ್ದದ್ದು ಒಂದು ಉತ್ತರ, ಅದು ಗೊತ್ತಿಲ್ಲ ಎಂದಿದ್ದರೂ ನಡೆಯುತ್ತಿತ್ತು. ಕ್ಷಮಿಸಿ ಎನ್ನಬೇಕೆಂದು ಆಕೆ ಬಾಯಿ ತೆರೆದಳು. ಅವನು ಅಷ್ಟರಲ್ಲಿ ಪಕ್ಕಕ್ಕೆ ತಿರುಗಿಯಾಗಿತ್ತು. ಕುರ್ಚಿಯನ್ನು ಎಳೆದು ಮಗಳಿಗೆ ಎದುರಾಗಿ ಹಾಕಿಕೊಂಡು, ಅವಳ ಮೊಣಕಾಲಿಗೆ ತನ್ನ ಮೊಣಕಾಲು ತಾಗುವಷ್ಟು ಹತ್ತಿರ ಕೂತ.

“ಏಳವ್ವಾ. ಅಲ್ಲಿ ಏನಾಯ್ತು, ಮುಂದಕ್ಕೆ ಏನ್ ಮಾಡಾಣ. ನೀನೇ ಏಳು.”

ಧನುಶ್ರೀ ಒಮ್ಮೆ ಅಮ್ಮನ ಮುಖ ನೋಡಿದಳು. ಆಮೇಲೆ ಆ ಅಜ್ಜಿಯಿಂದ ಶುರು ಮಾಡಿದಳು, ಮೊದಲು ಮೆಲ್ಲಗೆ, ಬರಬರುತ್ತ ಗಟ್ಟಿಯಾಗಿ. ಇಷ್ಟು ಮಾತು ಅವಳೊಳಗೆ ಇತ್ತೆಂದು ಅಪ್ಪನಿಗೂ ಗೊತ್ತಿರಲಿಲ್ಲವೇನೋ, ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಅರ್ಥವಾಗದ ಕಡೆ ತಡೆದು, ಇನ್ನೊಂದು ಸಲ ಹೇಳು ಎಂದು ಕೇಳಿಕೊಳ್ಳುತ್ತಿದ್ದ. ಒಂದು ವರ್ಷ ನಿಲ್ಲುವ ವಿಷಯಕ್ಕೆ ಬಂದಾಗ ವೆಂಕಟಮ್ಮನೂ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ಆ ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು. ಅನಸೂಯಮ್ಮ ಶಾಲು ಹೊದ್ದುಕೊಂಡು ಅಲ್ಲೇ, ಒಂದು ಮಾರು ದೂರದಲ್ಲಿ ನಿಂತಿದ್ದಳು. ಆಕೆಯನ್ನು ಯಾರೂ ಏನೂ ಕೇಳಲಿಲ್ಲ.